-ಪಿಥ್ರೆಡ್ಡೋ, -ಎಲ್‌ಪಿಥ್ರೆಡ್ಡೋ? ಎಐಎಕ್ಸ್‌ಗೆ ಬೇರೆಯೇ ಕಮಾಂಡಾ?

ಮಡಿಕೇರಿ_ಮಂಜು
ತೋಟಗಳ ಮಳೆಮಾಪಕದಿಂದ ಲೆಕ್ಕ ತಗೊಳ್ಳೋ ಸಣ್ಣ ಸಿ ಪ್ರೋಗ್ರಾಂ ಇದು. ಮೂರು ಥ್ರೆಡ್ (ಒಂದೇ ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಓಡೋ ಕೆಲಸಗಳು), ಪಿಥ್ರೆಡ್ ಲೈಬ್ರರಿಯಿಂದ ಮಾಡಿದ್ದು. ಒಂದು ಸೀರಿಯಲ್ ಪೋರ್ಟ್ ಓದುತ್ತೆ, ಒಂದು ಫೈಲಿಗೆ ಬರೆಯುತ್ತೆ, ಮೂರನೇದು ಲೈನ್ ಇದ್ದಾಗ ಸರ್ವರಿಗೆ ಕಳಿಸುತ್ತೆ. ತೊಂದರೆ ಹೀಗಿದೆ:

ಉಬುಂಟು 22.04ರಲ್ಲಿ "ಜಿಸಿಸಿ ಮಳೆ.ಸಿ -ಓ ಮಳೆ" ಅಂದ್ರೆ ಸಾಕು, ಕಂಪೈಲರ್ ಯಾವ ಫ್ಲ್ಯಾಗೂ (ಹೆಚ್ಚುವರಿ ಸೂಚನೆ) ಕೇಳಲ್ಲ. ಅದೇ ಸೋರ್ಸ್ 20.04 ಇರೋ ತೋಟದ ಪೆಟ್ಟಿಗೆಯಲ್ಲಿ "ಪಿಥ್ರೆಡ್_ಕ್ರಿಯೇಟ್: ಅನ್‌ಡಿಫೈನ್ಡ್ ರೆಫರೆನ್ಸ್". "ಜಿಸಿಸಿ -ಎಲ್‌ಪಿಥ್ರೆಡ್ ಮಳೆ.ಸಿ -ಓ ಮಳೆ" ಅಂತ ಕೊಟ್ಟರೂ ಅದೇ ಹಾಡು. ಹೋಗಲಿ ಅಂತ 22.04ರ ಬೈನರಿಯನ್ನೇ ತಂದು ಹಾಕಿದ್ರೆ "ಜಿಲಿಬ್‌ಸಿ_2.34 ಸಿಗಲಿಲ್ಲ" ಅನ್ನುತ್ತೆ (ಜಿಲಿಬ್‌ಸಿ ಅಂದ್ರೆ ಲಿನಕ್ಸ್‌ನ ಮೂಲ ಸಿ ಲೈಬ್ರರಿ).

ಇನ್ನೊಂದು. ಲೆಕ್ಕ ಹೋಗಿ ಕೂರೋದು ಒಂದು ಎಐಎಕ್ಸ್ (ಐಬಿಎಂನ ಯುನಿಕ್ಸ್) ಸರ್ವರಿನಲ್ಲಿ. ಅಲ್ಲಿನ ಕಂಪೈಲರ್ ಎಕ್ಸ್‌ಎಲ್‌ಸಿಗೆ -ಎಲ್‌ಪಿಥ್ರೆಡ್ಸ್ ಕೊಟ್ಟು ಲಿಂಕ್ ಆಯ್ತು, ಓಡ್ತಾ ಇದೆ. ಆದ್ರೆ ಫೈಲಿಗೆ ಬರೆಯೋ ಥ್ರೆಡ್‌ನಲ್ಲಿ ರೈಟ್ ವಿಫಲ ಆಗಿ -1 ಬರುತ್ತೆ, ಎರ್‌ನೋ (ತಪ್ಪಿನ ಕಾರಣ ಹೇಳೋ ಸಂಖ್ಯೆ) ನೋಡಿದ್ರೆ 0. ಯಾವ ಯಂತ್ರಕ್ಕೆ ಯಾವ ಕಮಾಂಡು, ಯಾಕೆ, ಹೇಳಿ.

ಕರಿಮೆಣಸು
ಲಿನಕ್ಸ್‌ನಲ್ಲಿ -ಪಿಥ್ರೆಡ್, ಕಂಪೈಲ್ ಮಾಡುವಾಗಲೂ ಲಿಂಕ್ ಮಾಡುವಾಗಲೂ. ಎಐಎಕ್ಸ್‌ನಲ್ಲಿ ಎಕ್ಸ್‌ಎಲ್‌ಸಿ ಅಲ್ಲ, ಎಕ್ಸ್‌ಎಲ್‌ಸಿ_ಆರ್. ನಿಮ್ಮ ಎರ್‌ನೋ ಸೊನ್ನೆಗೆ ಕಾರಣ ಆ ಬಾಲದ "_ಆರ್" ಇಲ್ಲದ್ದು.

ಕಾವೇರಿ_ಕರ್ನಲ್
ಇನ್ನೂ -ಪಿಥ್ರೆಡ್ ಪುರಾಣವೇ? ಜಿಲಿಬ್‌ಸಿ 2.34ರಿಂದ ಲಿಬ್‌ಪಿಥ್ರೆಡ್ ಅಂತ ಬೇರೆ ಲೈಬ್ರರಿಯೇ ಇಲ್ಲ, ಎಲ್ಲಾ ಲಿಬ್‌ಸಿ ಒಳಗೆ. ಏನೂ ಕೊಡಬೇಡಿ, ಹಳೇ ಪೆಟ್ಟಿಗೆ ಅಪ್‌ಗ್ರೇಡ್ ಮಾಡಿ. ಮುಗೀತು.

ಕರಿಮೆಣಸು
> ಏನೂ ಕೊಡಬೇಡಿ

ಅಣ್ಣ, ಅರ್ಧ ಸರಿ. 2.34 ಬಂದದ್ದು 2021ರ ಆಗಸ್ಟ್‌ನಲ್ಲಿ. ಅದಕ್ಕಿಂತ ಮೊದಲಿನವು ಇನ್ನೂ ಓಡ್ತಾ ಇವೆ: ಉಬುಂಟು 20.04 ಮತ್ತು ಡೆಬಿಯನ್ 11 ಎರಡರಲ್ಲೂ 2.31, ಆರ್‌ಎಚ್‌ಇಎಲ್ 8ರಲ್ಲಿ 2.28. ಫ್ಲ್ಯಾಗ್ ಬಿಟ್ಟ ಮೇಕ್‌ಫೈಲ್ (ಬಿಲ್ಡ್ ಮಾಡೋ ಕಮಾಂಡುಗಳ ಫೈಲ್) ಹೊಸ ಯಂತ್ರದಲ್ಲಿ ಮಾತ್ರ ನಡೆಯೋ ಮೇಕ್‌ಫೈಲ್. ಕೊಟ್ಟರೆ ಹೊಸದರಲ್ಲಿ ನಷ್ಟ ಏನೂ ಇಲ್ಲ, -ಎಲ್‌ಪಿಥ್ರೆಡ್ ಅಂತ ಕೇಳೋ ಹಳೇ ಮೇಕ್‌ಫೈಲುಗಳು ಮುರಿಯಬಾರದು ಅಂತಲೇ ಒಂದು ಖಾಲಿ ಲಿಬ್‌ಪಿಥ್ರೆಡ್.ಎ ಉಳಿಸಿದ್ದಾರೆ.

ಮಂಜು, ಬೈನರಿ ನಕಲು ಯಾಕೆ ಸೋತಿತು ಅಂದ್ರೆ: ಪಿಥ್ರೆಡ್_ಕ್ರಿಯೇಟ್ ಲಿಬ್‌ಸಿಗೆ ಬಂದಾಗ ಅದಕ್ಕೆ ಹೊಸ ಸಿಂಬಲ್ ವರ್ಷನ್ ಬಿತ್ತು, ಜಿಲಿಬ್‌ಸಿ_2.34. 22.04ರಲ್ಲಿ ಲಿಂಕ್ ಮಾಡಿದ ಬೈನರಿ ಅದನ್ನೇ ಕೇಳುತ್ತೆ. ಥ್ರೆಡ್ಡೇ ಇಲ್ಲದ ಪ್ರೋಗ್ರಾಮಿಗೂ ಇದೇ ಗತಿ, ಯಾಕಂದ್ರೆ ಮೇನ್ ಶುರು ಮಾಡೋ __ಲಿಬ್‌ಸಿ_ಸ್ಟಾರ್ಟ್_ಮೇನ್‌ಗೂ ಅದೇ ವರ್ಷನ್. ಹಳೇದರಲ್ಲಿ ಕಟ್ಟಿದ್ದು ಹೊಸದರಲ್ಲಿ ಓಡುತ್ತೆ, ಹೊಸದರಲ್ಲಿ ಕಟ್ಟಿದ್ದು ಹಳೇದರಲ್ಲಿ ಓಡಲ್ಲ. ಹಾಗಾಗಿ ನಿಮ್ಮಲ್ಲಿರೋ ಅತಿ ಹಳೇ ಜಿಲಿಬ್‌ಸಿಯ ಮೇಲೆ ಬಿಲ್ಡ್ ಮಾಡಿ. ಪೆಟ್ಟಿಗೆಯ ಹತ್ತಿರ ಹೋಗೋದು ಬೇಡ, 20.04ರ ಡಾಕರ್ ಇಮೇಜ್ ಸಾಕು.

ಕಾವೇರಿ_ಕರ್ನಲ್
ಅಪ್‌ಗ್ರೇಡ್ ಸುಲಭ ಅಂತ ನನ್ನ ಅಭಿಪ್ರಾಯ ಈಗಲೂ ಅದೇ.

ಒಂದು_ಸೆಂಟ್_ಮಳೆ
ಆಷಾಢದಲ್ಲಿ ತೋಟದ ಪೆಟ್ಟಿಗೆಗೆ ಓಎಸ್ ಅಪ್‌ಗ್ರೇಡ್ ಮಾಡ್ತಾರಂತೆ. ಕರೆಂಟು ಬರಲಿ ಮೊದಲು.

ಸೋಮವಾರಪೇಟೆ_ಶೆಲ್
-ಎಲ್‌ಪಿಥ್ರೆಡ್ ಕೊಟ್ಟರೂ ಯಾಕೆ ಆಗಲಿಲ್ಲ ಅನ್ನೋದನ್ನ ಯಾರೂ ಹೇಳಲಿಲ್ಲ. ಅದು ಜಾಗದ ತಪ್ಪು.

ಲಿಂಕರ್ (ಕಂಪೈಲ್ ಆದದ್ದನ್ನ ಲೈಬ್ರರಿಗಳ ಜೊತೆ ಜೋಡಿಸೋದು) ಎಡದಿಂದ ಬಲಕ್ಕೆ ನಡೆಯುತ್ತೆ, ಶುಕ್ರವಾರದ ಸಂತೆಯಲ್ಲಿ ಚೀಟಿ ಹಿಡಿದು ಹೋದ ಹಾಗೆ. ಮಳೆ.ಸಿ ಓದಿದ ಮೇಲೆ ತಾನೇ ಚೀಟಿಯಲ್ಲಿ "ಪಿಥ್ರೆಡ್_ಕ್ರಿಯೇಟ್ ಬೇಕು" ಅಂತ ಬರೆಯೋದು? ನೀವು ಅಂಗಡಿಯನ್ನ ಮೊದಲು ದಾಟಿಸಿ ಆಮೇಲೆ ಚೀಟಿ ಬರೆಸಿದ್ದೀರಿ. ಉಬುಂಟು ತನ್ನ ಜಿಸಿಸಿಯಲ್ಲಿ 11.10ರಿಂದಲೇ --ಆ್ಯಸ್-ನೀಡೆಡ್ ಹಾಕಿಟ್ಟಿದೆ, ಅಂದ್ರೆ ಆ ಹೊತ್ತಿಗೆ ಬೇಡಿಕೆ ಇಲ್ಲದ ಶೇರ್ಡ್ ಲೈಬ್ರರಿಯನ್ನ ಕೈಬಿಡುತ್ತೆ. ಡೆಬಿಯನ್‌ನಲ್ಲಿ ಅದು ಪೂರ್ವನಿಯೋಜಿತ ಅಲ್ಲ, ಅಲ್ಲಿ ನಿಮ್ಮ ಅದೇ ಸಾಲು ನಡೆದುಬಿಡುತ್ತೆ. "ನನ್ನಲ್ಲಿ ಆಗುತ್ತಲ್ಲ" ಅನ್ನೋ ಜಗಳಗಳಲ್ಲಿ ಅರ್ಧ ಇಲ್ಲಿಂದಲೇ ಹುಟ್ಟೋದು.

ಸರಿಯಾದ ಸಾಲು: "ಜಿಸಿಸಿ ಮಳೆ.ಸಿ -ಓ ಮಳೆ -ಎಲ್‌ಪಿಥ್ರೆಡ್". ಇದಕ್ಕಿಂತ ವಾಸಿ: "ಜಿಸಿಸಿ -ಪಿಥ್ರೆಡ್ ಮಳೆ.ಸಿ -ಓ ಮಳೆ". -ಪಿಥ್ರೆಡ್ ಅನ್ನೋದು ಲೈಬ್ರರಿ ಹೆಸರಲ್ಲ, ಜಿಸಿಸಿಗೆ ಕೊಡೋ ಸೂಚನೆ. ಲೈಬ್ರರಿಯನ್ನ ಸಾಲಿನ ಕೊನೆಗೆ, ಲಿಬ್‌ಸಿಗೆ ಮುಂಚೆ, ಅದೇ ಇಡುತ್ತೆ. ನೀವು ಎಲ್ಲಿ ಬರೆದರೂ ಸರಿ.

ಮೇಕ್‌ಫೈಲ್‌ನಲ್ಲೂ ಇದೇ ಗುಂಡಿ ಇದೆ. ಮೇಕ್‌ನ ಒಳನಿಯಮದಲ್ಲಿ ಎಲ್‌ಡಿಫ್ಲ್ಯಾಗ್ಸ್ ಆಬ್ಜೆಕ್ಟ್‌ಗಳಿಗಿಂತ ಮುಂದೆ ಬರುತ್ತೆ, ಎಲ್‌ಡಿಲಿಬ್ಸ್ ಹಿಂದೆ. -ಎಲ್ ಶುರುವಿನದ್ದೆಲ್ಲಾ ಎಲ್‌ಡಿಲಿಬ್ಸ್‌ಗೆ ಹಾಕಿ. -ಪಿಥ್ರೆಡ್ ಆದ್ರೆ ಸಿಫ್ಲ್ಯಾಗ್ಸ್ ಮತ್ತು ಎಲ್‌ಡಿಫ್ಲ್ಯಾಗ್ಸ್ ಎರಡಕ್ಕೂ.

(ಈ "ಎಲ್" ಸಣ್ಣಕ್ಷರ. ದೊಡ್ಡ ಎಲ್ ಡೈರೆಕ್ಟರಿಗೆ. ಮತ್ತೆ ಟರ್ಮಿನಲ್‌ನಲ್ಲಿ ಕನ್ನಡದಲ್ಲಿ ಟೈಪ್ ಮಾಡಿ ಆಗಲಿಲ್ಲ ಅಂತ ಬರಬೇಡಿ.)

ಹಳೇ_ಯುನಿಕ್ಸ್
ಒಂದು ತಿದ್ದುಪಡಿ. ಪಾಸಿಕ್ಸ್ (ಯುನಿಕ್ಸ್‌ಗಳ ಮಾನದಂಡ) ಓದಿದವರಿಗೆ ಗೊತ್ತು, ಅದರಲ್ಲಿ -ಪಿಥ್ರೆಡ್ ಅನ್ನುವ ಆಯ್ಕೆಯೇ ಇಲ್ಲ. ಸಿ99 ಕಮಾಂಡಿನ ವಿವರಣೆಯಲ್ಲಿ ಇರುವುದು "-ಎಲ್ ಪಿಥ್ರೆಡ್". ಆದ್ದರಿಂದ "ಪೋರ್ಟಬಲ್ ಆಗಿರಲಿ ಎಂದು -ಪಿಥ್ರೆಡ್" ಎನ್ನುವುದು ಕಾಗದದ ಮೇಲೆ ತಲೆಕೆಳಗು.

ಬ್ರಹ್ಮಗಿರಿ_ಬ್ಯಾಷ್
ಕಾಗದದ ಮೇಲೆ ಸರಿ ಸರ್, ಯಂತ್ರದ ಮೇಲೆ ಅಲ್ಲ. ಆಂಡ್ರಾಯ್ಡ್‌ನ ಸಿ ಲೈಬ್ರರಿ ಬಯೋನಿಕ್‌ನಲ್ಲಿ ಲಿಬ್‌ಪಿಥ್ರೆಡ್ ಅಂತ ಫೈಲೇ ಇಲ್ಲ, -ಎಲ್‌ಪಿಥ್ರೆಡ್ ಕೊಟ್ಟರೆ "ಸಿಗಲಿಲ್ಲ" ಅಂತ ನಿಲ್ಲುತ್ತೆ, -ಪಿಥ್ರೆಡ್ ತೆಪ್ಪಗೆ ದಾಟುತ್ತೆ. ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಎರಡರಲ್ಲೂ -ಪಿಥ್ರೆಡ್. ಫ್ರೀಬಿಎಸ್‌ಡಿಯಲ್ಲಿ ಒಂದು ಕಾಲಕ್ಕೆ ಒಳಗಿನ ಲೈಬ್ರರಿ ಲಿಬ್‌ಸಿ_ಆರ್ ಆಗಿತ್ತು, 7.0ರಲ್ಲಿ ಲಿಬ್‌ಥರ್ ಪೂರ್ವನಿಯೋಜಿತ ಆಯ್ತು. ಲೈಬ್ರರಿ ಹೆಸರು ಹಿಡಿದು ಕೂತವರು ಮೇಕ್‌ಫೈಲ್ ತಿದ್ದಬೇಕಾಯ್ತು, -ಪಿಥ್ರೆಡ್ ಬರೆದವರಿಗೆ ಗೊತ್ತೇ ಆಗಲಿಲ್ಲ. ಆಲ್ಪೈನ್ ಲಿನಕ್ಸ್‌ನ ಸಿ ಲೈಬ್ರರಿ ಮಸ್ಲ್‌ನಲ್ಲಿ ಎಲ್ಲಾ ಲಿಬ್‌ಸಿ ಒಳಗೇ, ಲಿಬ್‌ಪಿಥ್ರೆಡ್.ಎ ಬರೀ ಖಾಲಿ ಡಬ್ಬ. ಮ್ಯಾಕ್‌ನಲ್ಲಿ ಏನೂ ಬೇಡ, ಲಿಂಕ್ ಹಂತದಲ್ಲಿ ಕೊಟ್ಟರೆ ಕ್ಲ್ಯಾಂಗ್ "ಈ ಆಯ್ಕೆ ಬಳಕೆ ಆಗಲಿಲ್ಲ" ಅಂತ ಗೊಣಗಬಹುದು ಅಷ್ಟೇ.

ಹಳೇ_ಯುನಿಕ್ಸ್
ಒಪ್ಪಿದೆ. ಹಾಗಾದರೆ ನಿಮ್ಮ ಜಿಸಿಸಿ ಲೋಕದ ಹೊರಗಿನದ್ದನ್ನು ನಾನು ಹೇಳುತ್ತೇನೆ, ಮಂಜು ಅವರ ನಿಜವಾದ ನೋವು ಅಲ್ಲಿದೆ.

ಎಐಎಕ್ಸ್‌ನಲ್ಲಿ ಎಕ್ಸ್‌ಎಲ್‌ಸಿ, ಎಕ್ಸ್‌ಎಲ್‌ಸಿ_ಆರ್ ಎರಡೂ ಒಂದೇ ಕಂಪೈಲರ್. ಯಾವ ಹೆಸರಿನಿಂದ ಕರೆದಿರಿ ಎಂಬುದನ್ನು ನೋಡಿ, ಅದು ತನ್ನ ಕಾನ್ಫಿಗರೇಷನ್ ಫೈಲಿನಲ್ಲಿ ಅದೇ ಹೆಸರಿನ ಸ್ಟಾಂಜಾ (ಸೂಚನೆಗಳ ಭಾಗ) ತೆಗೆಯುತ್ತದೆ. "_ಆರ್" ಸ್ಟಾಂಜಾದಲ್ಲಿ ಮೂರು ವಿಷಯ ಸೇರಿರುತ್ತವೆ: _ಥ್ರೆಡ್_ಸೇಫ್ ಮ್ಯಾಕ್ರೋ, -ಕ್ಯೂಥ್ರೆಡೆಡ್ ಆಯ್ಕೆ, ಲಿಂಕ್ ಸಾಲಿನಲ್ಲಿ ಲಿಬ್‌ಸಿಗಿಂತ ಮೊದಲು -ಎಲ್‌ಪಿಥ್ರೆಡ್ಸ್. ಕೊನೆಯ "ಎಸ್" ಗಮನಿಸಿ. ನೀವು ಕೈಯಿಂದ ಸೇರಿಸಿದ್ದು ಮೂರನೆಯದನ್ನು ಮಾತ್ರ.

ಎರ್‌ನೋ.ಎಚ್ ಒಳಗೆ ನೋಡಿ. _ಥ್ರೆಡ್_ಸೇಫ್ ಇದ್ದರೆ ಎರ್‌ನೋ ಎಂಬುದು ಒಂದು ಫಂಕ್ಷನ್ ಕರೆ, ಆಯಾ ಥ್ರೆಡ್ಡಿನ ಸ್ವಂತ ಎರ್‌ನೋದ ವಿಳಾಸ ಕೊಡುತ್ತದೆ. ಇಲ್ಲದಿದ್ದರೆ ಅದು ಇಡೀ ಪ್ರೋಗ್ರಾಮಿಗೆ ಒಂದೇ ಆದ ಸಾದಾ ವೇರಿಯಬಲ್. ರೈಟ್ ವಿಫಲವಾದಾಗ ತಪ್ಪಿನ ಸಂಖ್ಯೆ ಬಿದ್ದದ್ದು ಆ ಥ್ರೆಡ್ಡಿನ ಜಾಗದಲ್ಲಿ, ನೀವು ಓದಿದ್ದು ಇನ್ನೊಂದನ್ನು. ಸೊನ್ನೆ ಬಂದದ್ದು ನಿಮ್ಮ ಅದೃಷ್ಟ. ಹಳೆಯ ಯಾವುದೋ ಸಂಖ್ಯೆ ಉಳಿದಿದ್ದರೆ ಅದನ್ನೇ ನಂಬಿ ಒಂದು ವಾರ ಅಲೆಯುತ್ತಿದ್ದಿರಿ.

ಉಳಿದವು: ಸೋಲಾರಿಸ್‌ನ ಸ್ವಂತ ಸಿಸಿಯಲ್ಲಿ -ಎಂಟಿ, ಕಂಪೈಲ್ ಮತ್ತು ಲಿಂಕ್ ಎರಡರಲ್ಲೂ. 2005ರ ಸೋಲಾರಿಸ್ 10ರಿಂದ ಥ್ರೆಡ್ ಕೋಡ್ ಲಿಬ್‌ಸಿಗೇ ಸೇರಿದ್ದರಿಂದ ಬಿಟ್ಟರೂ ಲಿಂಕ್ ಆಗುತ್ತದೆ, ಆದರೆ _ರೀಎಂಟ್ರಂಟ್ ಮ್ಯಾಕ್ರೋ ಇಲ್ಲದೆ ಅಲ್ಲಿಯೂ ನಿಮ್ಮದೇ ಎರ್‌ನೋ ಕಥೆ. ಲಿಂಕ್ ಆಯಿತೆಂದರೆ ಸರಿಯಾಯಿತು ಎಂದಲ್ಲ. ಸೋಲಾರಿಸ್‌ನಲ್ಲಿ ಜಿಸಿಸಿ ಆದರೆ -ಪಿಥ್ರೆಡ್ಸ್ ಅಥವಾ -ಪಿಥ್ರೆಡ್. ಎಚ್‌ಪಿ-ಯುಎಕ್ಸ್‌ನ ಎಸಿಸಿಯಲ್ಲಿಯೂ -ಎಂಟಿ. ಎಐಎಕ್ಸ್‌ನಲ್ಲಿ ಜಿಸಿಸಿ ಇದ್ದರೆ -ಪಿಥ್ರೆಡ್, ಅದು _ಥ್ರೆಡ್_ಸೇಫ್ ಅನ್ನೂ ಹಾಕುತ್ತದೆ. ಹೊಸ ಓಪನ್ ಎಕ್ಸ್‌ಎಲ್ 17.1ರಲ್ಲಿ ಹೆಸರು ಐಬಿಎಂ-ಕ್ಲ್ಯಾಂಗ್_ಆರ್.

ಕಾವೇರಿ_ಕರ್ನಲ್
ಲಿನಕ್ಸ್‌ನಲ್ಲಿ _ರೀಎಂಟ್ರಂಟ್‌ಗೆ ಅರ್ಥ ಉಳಿದಿಲ್ಲ ಅನ್ನೋದನ್ನಾದರೂ ಒಪ್ಪಿ. ಜಿಲಿಬ್‌ಸಿಯಲ್ಲಿ ಎರ್‌ನೋ ಯಾವಾಗಲೂ ಥ್ರೆಡ್‌ಗೆ ಒಂದು.

ಕರಿಮೆಣಸು
ಒಪ್ಪಿದೆ. ಜಿಲಿಬ್‌ಸಿ ಅದನ್ನ ಈಗ ಹೆಚ್ಚುಕಮ್ಮಿ ಲೆಕ್ಕಕ್ಕೆ ತಗೊಳ್ಳಲ್ಲ. ಆದ್ರೆ ಬೇರೆಯವರ ಹೆಡರ್‌ಗಳು ಅದನ್ನ ನೋಡಿ "ಲಾಕ್ ಬೇಕಾ ಬೇಡವಾ" ಅಂತ ನಿರ್ಧಾರ ಮಾಡಿದ್ರೆ? ಒಂದು ಫೈಲ್‌ಗೆ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ಒಂದೇ ಸ್ಟ್ರಕ್ಟ್‌ಗೆ ಎರಡು ಅಳತೆ. ಕಂಪೈಲ್ ಹಂತಕ್ಕೂ -ಪಿಥ್ರೆಡ್ ಕೊಡಿ ಅನ್ನೋದು ಅದಕ್ಕೇ.

ಮಡಿಕೇರಿ_ಮಂಜು
ಎಐಎಕ್ಸ್‌ನಲ್ಲಿ ನಮ್ಮ ಪ್ರೋಗ್ರಾಮಿಗೆ ಒಂದು .ಎ ಲೈಬ್ರರಿ ಸೇರುತ್ತೆ, ಅದು ಬರೀ ಎಕ್ಸ್‌ಎಲ್‌ಸಿಯಲ್ಲಿ ಕಟ್ಟಿದ್ದು. ನಮ್ಮ ಫೈಲುಗಳನ್ನ ಮಾತ್ರ _ಆರ್‌ನಲ್ಲಿ ಮಾಡಿದ್ರೆ ಸಾಕಾ?

ಹಳೇ_ಯುನಿಕ್ಸ್
ಸಾಲದು. ಥ್ರೆಡ್ಡಿನಿಂದ ಕರೆಸಿಕೊಳ್ಳುವ ಪ್ರತಿಯೊಂದು ಆಬ್ಜೆಕ್ಟೂ _ಆರ್‌ನಲ್ಲಿ ಆಗಬೇಕು, ಆ ಲೈಬ್ರರಿ ಒಳಗೆ ಎರ್‌ನೋ ನೋಡುವ ಸಾಲು ಒಂದೇ ಇದ್ದರೂ. ಥ್ರೆಡ್ ಇಲ್ಲದ ಪ್ರೋಗ್ರಾಮಿಗೆ _ಆರ್ ಬಳಸಿದರೆ ತೊಂದರೆ ಇಲ್ಲ, ಆದ್ದರಿಂದ ಎಲ್ಲಕ್ಕೂ ಅದನ್ನೇ ಬಳಸುವುದು ಸುಲಭ. ಹಳೆಯ .ಓ ಫೈಲುಗಳನ್ನು ಅಳಿಸಿ ಮೊದಲಿನಿಂದ ಕಟ್ಟಿ. ಕಮಾಂಡ್ ಬದಲಾದದ್ದು ಮೇಕ್‌ಗೆ ತಿಳಿಯುವುದಿಲ್ಲ, ಅದು ನೋಡುವುದು ಫೈಲಿನ ಸಮಯ ಮಾತ್ರ. 64 ಬಿಟ್ ಆದರೆ -ಕ್ಯೂ64 ಜೊತೆಗೆ ಎಆರ್‌ಗೆ -ಎಕ್ಸ್64, ಅಥವಾ ಆಬ್ಜೆಕ್ಟ್_ಮೋಡ್=64 ಎಂದು ಎಕ್ಸ್‌ಪೋರ್ಟ್ ಮಾಡಿ. ಮುಗಿದ ಮೇಲೆ "ಡಂಪ್ -ಎಚ್", ದೊಡ್ಡ ಎಚ್. ಪಟ್ಟಿಯಲ್ಲಿ ಲಿಬ್‌ಪಿಥ್ರೆಡ್ಸ್.ಎ ಕಾಣಬೇಕು.

ಕುಶಾಲನಗರ_ವಿದ್ಯಾರ್ಥಿ
ಸರ್, ಸಿ++ಗೂ ಇದೇನಾ? ಲ್ಯಾಬ್‌ನಲ್ಲಿ ಸೆಂಟ್‌ಓಎಸ್ 7, ಜಿಸಿಸಿ 4.8.5. ಎಸ್‌ಟಿಡಿ::ಥ್ರೆಡ್ ಕಂಪೈಲೂ ಆಗುತ್ತೆ, ಲಿಂಕೂ ಆಗುತ್ತೆ. ಓಡಿಸಿದ ತಕ್ಷಣ "ಎನೇಬಲ್ ಮಲ್ಟಿಥ್ರೆಡಿಂಗ್ ಟು ಯೂಸ್ ಎಸ್‌ಟಿಡಿ::ಥ್ರೆಡ್: ಆಪರೇಷನ್ ನಾಟ್ ಪರ್ಮಿಟೆಡ್" ಅಂತ ಸಾಯುತ್ತೆ. ಸುಡೋ ಹಾಕಿದ್ರೂ ಅದೇ.

ಪಲ್ಪರ್_ಹೌಸ್
ಸುಡೋ ಬಿಡಪ್ಪ, ಈ ಎರರ್‌ಗೂ ಅನುಮತಿಗೂ ಸಂಬಂಧ ಇಲ್ಲ. "ಜಿ++ -ಎಸ್‌ಟಿಡಿ=ಸಿ++11 -ಪಿಥ್ರೆಡ್" ಅಂತ ಕೊಡು, ಹೋಗುತ್ತೆ.

ಒಳಗಿನದ್ದು ಹೀಗೆ. ಲಿಬ್‌ಎಸ್‌ಟಿಡಿಸಿ++ (ಜಿಸಿಸಿಯ ಸಿ++ ಲೈಬ್ರರಿ) ಪಿಥ್ರೆಡ್ ಫಂಕ್ಷನ್‌ಗಳನ್ನ ವೀಕ್ ಸಿಂಬಲ್ ಆಗಿ ಕೇಳುತ್ತಿತ್ತು. ವೀಕ್ ಅಂದ್ರೆ "ಸಿಕ್ಕರೆ ಕೊಡಿ, ಇಲ್ಲದಿದ್ದರೆ ಬೇಡ". ಹಾಗಾಗಿ ಲಿಂಕರ್ ಬೈಯಲ್ಲ. ಓಡುವಾಗ ವಿಳಾಸ ಸೊನ್ನೆ ಕಂಡು "ಇದು ಒಂಟಿ ಥ್ರೆಡ್ ಪ್ರೋಗ್ರಾಂ" ಅಂತ ತೀರ್ಮಾನಿಸಿ ಎಕ್ಸೆಪ್ಷನ್ ಎಸೆಯುತ್ತೆ. ಜಿಸಿಸಿ 5ರಿಂದ ಥ್ರೆಡ್ ಕನ್‌ಸ್ಟ್ರಕ್ಟರ್ ಪಿಥ್ರೆಡ್_ಕ್ರಿಯೇಟ್‌ನ ಗಟ್ಟಿಯಾಗೇ ಕೇಳುತ್ತೆ, ಹಾಗಾಗಿ ಫ್ಲ್ಯಾಗ್ ಮರೆತರೆ ಲಿಂಕ್ ಹಂತದಲ್ಲೇ ಬೈಗುಳ. ಅದು ಒಳ್ಳೇದೇ.

ಹಳೇ ಜಿಲಿಬ್‌ಸಿಯಲ್ಲಿ -ಸ್ಟ್ಯಾಟಿಕ್ ಕೊಟ್ಟು ಕಟ್ಟೋರಿಗೆ ಇದರ ಕೆಟ್ಟ ರೂಪ ಕಾದಿದೆ: ಆರ್ಕೈವ್‌ನಿಂದ ಅರ್ಧ ಫಂಕ್ಷನ್ ಬರುತ್ತೆ, ಅರ್ಧ ಬರಲ್ಲ, ಮೊದಲ ಲಾಕ್‌ಗೇ ಸೆಗ್‌ಫಾಲ್ಟ್. ಮದ್ದು "-ಡಬ್ಲ್ಯುಎಲ್,--ಹೋಲ್-ಆರ್ಕೈವ್ -ಎಲ್‌ಪಿಥ್ರೆಡ್ -ಡಬ್ಲ್ಯುಎಲ್,--ನೋ-ಹೋಲ್-ಆರ್ಕೈವ್". ಕೊನೇದು ಮರೆತರೆ ಮುಂದಿನ ಲೈಬ್ರರಿಗಳೂ ಇಡಿಯಾಗಿ ಬಂದು ಕೂರ್ತವೆ.

ಓಪನ್‌ಎಂಪಿ ಬಳಸೋರು: -ಎಫ್‌ಓಪನ್‌ಎಂಪಿ ಕೊಟ್ಟರೆ ಜಿಸಿಸಿಯಲ್ಲಿ -ಪಿಥ್ರೆಡ್ ಅದರೊಳಗೇ ಬಂತು.

ಕುಶಾಲನಗರ_ವಿದ್ಯಾರ್ಥಿ
ಆಯ್ತು ಸರ್! ಸಿಮೇಕ್ ಅನ್ನೋ ಬಿಲ್ಡ್ ಸಾಧನದಲ್ಲೂ ಒಂದು ಭಯ. "ಪಿಥ್ರೆಡ್ಸ್‌ನಲ್ಲಿ ಪಿಥ್ರೆಡ್_ಕ್ರಿಯೇಟ್ - ನಾಟ್ ಫೌಂಡ್" ಅಂತ ಬರ್ತಾ ಇದೆ.

ಸೋಮವಾರಪೇಟೆ_ಶೆಲ್
ಅದನ್ನ ನೋಡಿ ಹೆದರದವರಿಲ್ಲ. ಅದು ತಪ್ಪಲ್ಲ. ಸಿಮೇಕ್ ಮೊದಲು ಲಿಬ್‌ಸಿಯಲ್ಲೇ ಇದೆಯಾ ಅಂತ ನೋಡುತ್ತೆ, ಆಮೇಲೆ "ಎಸ್" ಇರೋ ಲಿಬ್‌ಪಿಥ್ರೆಡ್ಸ್ (ಮೇಲೆ ಎಐಎಕ್ಸ್‌ನಲ್ಲಿ ಕಂಡಿರಲ್ಲ, ಅದೇ ಹೆಸರು), ಆಮೇಲೆ ಲಿಬ್‌ಪಿಥ್ರೆಡ್. ಕೆಳಗೆ "ಫೌಂಡ್ ಥ್ರೆಡ್ಸ್: ಟ್ರೂ" ಇದ್ದರೆ ಮುಂದೆ ಹೋಗಿ. ನಿಜವಾದ ಎರರ್ ಆ ಲಾಗ್‌ನಲ್ಲಿ ಬೇರೆಲ್ಲೋ ಇರುತ್ತೆ.

ಬರೆಯೋದು ಹೀಗೆ: ಮೊದಲು ಥ್ರೆಡ್ಸ್_ಪ್ರಿಫರ್_ಪಿಥ್ರೆಡ್_ಫ್ಲ್ಯಾಗ್ ಆನ್, ಆಮೇಲೆ ಫೈಂಡ್_ಪ್ಯಾಕೇಜ್ ಥ್ರೆಡ್ಸ್ ರಿಕ್ವೈರ್ಡ್, ಆಮೇಲೆ ಟಾರ್ಗೆಟ್_ಲಿಂಕ್_ಲೈಬ್ರರೀಸ್‌ನಲ್ಲಿ ಥ್ರೆಡ್ಸ್::ಥ್ರೆಡ್ಸ್. ಮೊದಲನೇದನ್ನ ಫೈಂಡ್_ಪ್ಯಾಕೇಜ್ ಆದ ಮೇಲೆ ಬರೆದರೆ ವ್ಯರ್ಥ. ಮೀಸನ್ ಆದ್ರೆ ಡಿಪೆಂಡೆನ್ಸಿ 'ಥ್ರೆಡ್ಸ್', ಒಂದೇ ಸಾಲು. ಆಟೋಕಾನ್ಫ್‌ಗೆ ಎಎಕ್ಸ್_ಪಿಥ್ರೆಡ್ ಮ್ಯಾಕ್ರೋ. ಮಂಜು ಅವರಿಗೆ ಅದೇ ಸೂಕ್ತ, ಯಾಕಂದ್ರೆ ಅದು ಸಿಫ್ಲ್ಯಾಗ್ಸ್, ಲಿಬ್ಸ್ ಜೊತೆಗೆ ಪಿಥ್ರೆಡ್_ಸಿಸಿ ಅಂತಲೂ ಕೊಡುತ್ತೆ, ಎಐಎಕ್ಸ್‌ನಲ್ಲಿ ಅದರೊಳಗೆ ಎಕ್ಸ್‌ಎಲ್‌ಸಿ_ಆರ್ ತಾನೇ ಬಂದು ಕೂರುತ್ತೆ. ಸುಮಾರು ಜನ ಬೇರೆ ಎರಡನ್ನ ಬಳಸಿ ಸಿಸಿಯನ್ನ ಮರೀತಾರೆ.

ಒಂದು_ಸೆಂಟ್_ಮಳೆ
ಕಂಪೈಲರ್ ಬಿಡಿ, ಮಳೆ ಯಾವ ಅಳತೆಯಲ್ಲಿ? ಮಿಲಿಮೀಟರಾ, ಇಂಚು-ಸೆಂಟಾ?

ಮಡಿಕೇರಿ_ಮಂಜು
ಮಾಪಕ ಒಂದು ಸಲ ಬಗ್ಗಿದ್ರೆ ಒಂದು ಸೆಂಟ್, ಅಂದ್ರೆ ಇಂಚಿನ ನೂರನೇ ಒಂದು ಭಾಗ. ಡಬಲ್ ವೇರಿಯಬಲ್‌ಗೆ 0.254 ಸೇರಿಸ್ತಾ ಹೋಗ್ತೀನಿ.

ಒಂದು_ಸೆಂಟ್_ಮಳೆ
ಅಯ್ಯೋ ಮಾರಾಯ್ರೆ! ಎರಡು ಥ್ರೆಡ್ ಒಂದೇ ಡಬಲ್‌ಗೆ ಕೂಡಿಸೋದು ಅಂದ್ರೆ ಇಬ್ಬರು ಒಂದೇ ಪುಸ್ತಕದಲ್ಲಿ ಒಂದೇ ಸಾಲಿಗೆ ಮೊತ್ತ ಬರೆದ ಹಾಗೆ, ಒಬ್ಬನದ್ದು ಅಳಿಸಿ ಹೋಗುತ್ತೆ. ಅದನ್ನ ಯಾವ ಫ್ಲ್ಯಾಗೂ ತಡೆಯಲ್ಲ. ಸೆಂಟನ್ನ ಪೂರ್ಣಾಂಕವಾಗಿ ಎಣಿಸಿ, ಸಿ11 ಅಟಾಮಿಕ್‌ನಲ್ಲಿ (ಒಬ್ಬರು ಕೂಡಿಸುವಾಗ ಇನ್ನೊಬ್ಬರು ಮಧ್ಯೆ ಬರಲಾಗದ ವೇರಿಯಬಲ್). ಮಿಲಿಮೀಟರು ಮುದ್ರಿಸುವಾಗ ಮಾತ್ರ 0.254ರಿಂದ ಗುಣಿಸಿ. ಭಾಗಮಂಡಲದ ಕಡೆಯ ಜುಲೈ ತಿಂಗಳಲ್ಲಿ ಸಾವಿರಾರು ಸಲ ಕೂಡಿಸಿದ ಡಬಲ್‌ಗಿಂತ ಇದು ನಿಖರ.

32 ಬಿಟ್ ಸಾಕು. 64 ಬಿಟ್ ಅಟಾಮಿಕ್ ಮಾಡಿದ್ರೆ 32 ಬಿಟ್ ರಾಸ್ಪ್‌ಬೆರಿ ಪೈನಲ್ಲಿ "__ಅಟಾಮಿಕ್_ಫೆಚ್_ಆ್ಯಡ್_8 ಅನ್‌ಡಿಫೈನ್ಡ್" ಬರಬಹುದು, ಆಗ ಸಾಲಿನ ಕೊನೆಗೆ -ಎಲ್‌ಅಟಾಮಿಕ್ ಬೇಕು. -ಪಿಥ್ರೆಡ್ ಅದನ್ನ ತರಲ್ಲ.

ಪಲ್ಪರ್_ಹೌಸ್
ಥ್ರೆಡ್‌ಗಳ ಈ ಡಿಕ್ಕಿಯನ್ನ ಹಿಡಿಯೋಕೆ ಒಂದು ಬಿಲ್ಡ್ ಬೇರೆ ಇಟ್ಟುಕೊಳ್ಳಿ: "-ಎಫ್‌ಸ್ಯಾನಿಟೈಜ್=ಥ್ರೆಡ್ -ಜಿ -ಓ1", ಎರಡೂ ಹಂತದಲ್ಲಿ. ಓಟ 5ರಿಂದ 15 ಪಟ್ಟು ನಿಧಾನ, ಮೆಮೊರಿ 5ರಿಂದ 10 ಪಟ್ಟು. ಅಡ್ರೆಸ್ ಸ್ಯಾನಿಟೈಜರ್ ಜೊತೆ ಒಂದೇ ಬೈನರಿಯಲ್ಲಿ ಕೂಡಿ ಬರಲ್ಲ.

ಬ್ರಹ್ಮಗಿರಿ_ಬ್ಯಾಷ್
ಸರಿಯಾದ ಕಮಾಂಡ್ ಕೊಟ್ಟೂ ಒಂದು ಯಂತ್ರದಲ್ಲಿ ಮಾತ್ರ ಸತ್ತರೆ ಸ್ಟ್ಯಾಕ್ (ಪ್ರತಿ ಥ್ರೆಡ್‌ಗೆ ಸಿಗೋ ಸ್ವಂತ ಮೆಮೊರಿ) ನೋಡಿ. ಜಿಲಿಬ್‌ಸಿ "ಯುಲಿಮಿಟ್ -ಎಸ್" ನೋಡಿ ಸಾಮಾನ್ಯವಾಗಿ 8 ಎಂಬಿ ಕೊಡುತ್ತೆ. ಮಸ್ಲ್ ಕೊಡೋದು 128 ಕೆಬಿ. 32 ಬಿಟ್ ಎಐಎಕ್ಸ್‌ನಲ್ಲಿ ಬರೀ 96 ಕೆಬಿ. ಥ್ರೆಡ್ ಫಂಕ್ಷನ್ ಒಳಗೆ "ಚಾರ್ ಬಫರ್[100000]" ಅಂತ ಬರೆದಿದ್ರೆ ಲಿನಕ್ಸ್‌ನಲ್ಲಿ ಹಾಯಾಗಿ ಓಡಿ ಅಲ್ಲಿ ಬೀಳುತ್ತೆ. ಪಿಥ್ರೆಡ್_ಆ್ಯಟ್ರ್_ಸೆಟ್‌ಸ್ಟ್ಯಾಕ್‌ಸೈಜ್‌ನಿಂದ ನೀವೇ ಹೇಳಿ, 1 ಎಂಬಿ ಧಾರಾಳ.

ಮಡಿಕೇರಿ_ಮಂಜು
ಅದೂ ಇತ್ತು, 64 ಕೆಬಿ ಬಫರ್. ಮ್ಯಾಲಕ್‌ಗೆ ಬದಲಾಯಿಸಿದೆ.

ಈಗಿನ ಸ್ಥಿತಿ: 20.04ರ ಇಮೇಜ್‌ನಲ್ಲಿ -ಪಿಥ್ರೆಡ್ ಹಾಕಿ ಕಟ್ಟಿದ್ದು ಎರಡೂ ಉಬುಂಟುವಿನಲ್ಲಿ ಓಡ್ತಿದೆ. "ರೀಡೆಲ್ಫ್ -ಡಿ" ನೋಡಿದ್ರೆ ನೀಡೆಡ್ ಸಾಲಿನಲ್ಲಿ ಲಿಬ್‌ಪಿಥ್ರೆಡ್.ಎಸ್‌ಓ.0 ಇದೆ. 22.04ರಲ್ಲೂ ಆ ಹೆಸರಿನ ಫೈಲ್ ಇದ್ದು ಕೆಲಸ ಮಾಡ್ತಿದೆ.

ಎಐಎಕ್ಸ್‌ನಲ್ಲಿ .ಓ, .ಎ ಎಲ್ಲಾ ಅಳಿಸಿ, ಲೈಬ್ರರಿ ಸಮೇತ ಎಕ್ಸ್‌ಎಲ್‌ಸಿ_ಆರ್‌ನಲ್ಲಿ ಕಟ್ಟಿದೆ. ರೈಟ್ ಈಗಲೂ -1. ಆದ್ರೆ ಎರ್‌ನೋ ಸೊನ್ನೆ ಅಲ್ಲ, 28.

ಹಳೇ_ಯುನಿಕ್ಸ್
28 ಎಂದರೆ ಇನೋಸ್ಪಿಸಿ, ಡಿಸ್ಕಿನಲ್ಲಿ ಜಾಗವಿಲ್ಲ. "ಡಿಎಫ್ -ಜಿ" ಕೊಡಿ.

ಮಡಿಕೇರಿ_ಮಂಜು
/ವಾರ್ 100%.

ಒಂದು_ಸೆಂಟ್_ಮಳೆ
ಇಷ್ಟು ದಿನದ ಮಳೆ ಎಲ್ಲಿಗೆ ಹೋಯ್ತು ಹಾಗಾದ್ರೆ?

ಮಡಿಕೇರಿ_ಮಂಜು
ತೋಟದ ಪೆಟ್ಟಿಗೆಯ ಫೈಲಿನಲ್ಲಿ ಇದೆ ಅಣ್ಣ. ಜಾಗ ಮಾಡಿ ಮತ್ತೆ ಕಳಿಸ್ತೀನಿ.